ನರ್ಸ್ ಎಂಬ ಪದದ ಹಿಂದೆ

‘ನರ್ಸ್’ ಎಂಬ ಪದ ಪರಭಾಷೆಯದೆಂಬ ಭಾವನೆ ಈಗ ಯಾರಲ್ಲೂ ಉಳಿದಿಲ್ಲ. ನಮ್ಮ ಕಾರವಾರ, ಅಂಕೋಲೆಯ ಕಡೆ ಅದು ‘ನರ್ಸಬಾಯಿ’ ಆಯಿತು. ಘಟ್ಟದ ಮೇಲೆ ‘ನರ್ಸಮ್ಮ’ ಆಯಿತು. ಸರಕಾರಿ ಕಾಗದಪತ್ರಗಳಲ್ಲಿ ‘ಶುಶ್ರೂಷಕಿ’ ಇದ್ದಾಳೆ, ಹಳೆಯ ಪಠ್ಯಪುಸ್ತಕಗಳಲ್ಲಿ ‘ದಾದಿ’ ಇದ್ದಾಳೆ, ಆಸ್ಪತ್ರೆಯ ವಾರ್ಡಿನಲ್ಲಿ ‘ಸಿಸ್ಟರ್’ ಇದ್ದಾಳೆ, ಹಿರಿಯರ ನೆನಪಿನಲ್ಲಿ ‘ಸೂಲಗಿತ್ತಿ’ ಇದ್ದಾಳೆ. ಅಕ್ಕಪಕ್ಕದ ಕೆಲಸಗಳಿಗೆ ಇಷ್ಟೊಂದು ಹೆಸರುಗಳು. ಹೆಸರು ಮೇಲಿಂದ ಮೇಲೆ ಬದಲಾಗುತ್ತಿದ್ದರೆ ಆ ಕೆಲಸದ ಬಗ್ಗೆ ಸಮಾಜದ ಮನಸ್ಸು ಇನ್ನೂ ನಿಂತಿಲ್ಲವೆಂದೇ ಅರ್ಥ. ಈ ಪದಗಳ ಬೇರನ್ನು ಹುಡುಕುತ್ತ ಹೋದರೆ ಏನು ದೊರೆಯುತ್ತದೆ ಎಂಬುದನ್ನು ನೋಡೋಣ.

ಪದಗಳ ಅರ್ಥ ಕಲಿಯಲು ನಮ್ಮ ಮಲ್ಲಾಪುರ ಒಳ್ಳೆಯ ಊರು. ಕೈಗಾ ಅಣು ವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು 2000ನೆಯ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸುವ ಹೊತ್ತಿಗೆ ಇಲ್ಲಿನ ವಸತಿ ಬಡಾವಣೆಗೆ ದೇಶದ ನಾನಾ ಕಡೆಗಳಿಂದ ಕುಟುಂಬಗಳು ಬಂದು ನೆಲೆಸಿದ್ದವು. ಒಂದೇ ತರಗತಿಯಲ್ಲಿ ಕೊಂಕಣಿ, ಮರಾಠಿ, ಹಿಂದಿ, ಮಲಯಾಳ, ತೆಲುಗು ಮನೆಮಾತಿನ ಮಕ್ಕಳು ಕೂಡಿ ಕನ್ನಡ ಕಲಿಯುತ್ತಿದ್ದರು. ಒಮ್ಮೆ ಪಾಠದಲ್ಲಿ ‘ದಾದಿ’ ಎಂಬ ಪದ ಬಂತು. ಅರ್ಥ ಕೇಳಿದೆ. ಉತ್ತರ ಪ್ರದೇಶದ ಹುಡುಗನೊಬ್ಬ ಎದ್ದು ನಿಂತು ‘ಅಪ್ಪನ ಅಮ್ಮ’ ಎಂದ. ದಾದಿ ಎಂದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವಳು ಎಂದು ಕನ್ನಡದ ಮಕ್ಕಳು ತಿದ್ದಿದರು. ‘ನನ್ನ ದಾದಿ ಆಸ್ಪತ್ರೆಗೆ ಹೋಗಿಯೇ ಇಲ್ಲ’ ಎಂದು ಅವನು ಮುಖ ಊದಿಸಿಕೊಂಡ. ಆಗ ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು. ತಾಯಿ ನರ್ಸ್ ಆಗಿದ್ದ ಹುಡುಗಿ ಅವಳು. ‘ಅಕ್ಕೋರೇ, ನನ್ನ ಅಮ್ಮ ದಾದಿ ಅಲ್ಲ, ಸ್ಟಾಫ್ ನರ್ಸ್’ ಎಂದಳು. ಎಲ್ಲರೂ ನಕ್ಕರು, ಅವಳು ಮಾತ್ರ ನಗಲಿಲ್ಲ. ತಾಯಿಯ ಕೆಲಸದ ಮರ್ಯಾದೆ ಒಂದು ಪದದಲ್ಲಿದೆ ಎಂಬುದು ಆ ವಯಸ್ಸಿಗೇ ಅವಳಿಗೆ ತಿಳಿದಿತ್ತು.

ಆ ಹುಡುಗಿಗೆ ಹಿಡಿಸಿದ ‘ನರ್ಸ್’ ಪದದ ಮೂಲವನ್ನೇ ಮೊದಲು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ನ್ಯೂತ್ರೀರೆ’ ಎಂದರೆ ಹಾಲೂಡಿಸು, ಪೋಷಿಸು. ಅದರಿಂದ ‘ನ್ಯೂತ್ರಿಕಿಯ’, ಹಳೆಯ ಫ್ರೆಂಚಿನಲ್ಲಿ ‘ನರೀಸ್’, ಅಲ್ಲಿಂದ ಇಂಗ್ಲಿಷಿನ ‘ನರ್ಸ್’. ನ್ಯೂಟ್ರಿಷನ್, ನರಿಶ್, ನರ್ಚರ್ ಎಲ್ಲವೂ ಒಂದೇ ಬಳಗದವು. ಆದ್ದರಿಂದ ನರ್ಸ್ ಎಂದರೆ ಮೊದಲು ಬೇರೆಯವರ ಮಗುವಿಗೆ ಮೊಲೆಯೂಡಿಸುವ ಹೆಂಗಸು. ರೋಗಿಯನ್ನು ನೋಡಿಕೊಳ್ಳುವವಳು ಎಂಬ ಅರ್ಥ ಇಂಗ್ಲಿಷಿಗೆ ಬಂದದ್ದು 16ನೆಯ ಶತಮಾನದ ಕೊನೆಯ ಭಾಗದಲ್ಲಿ.

ಇನ್ನು ಆ ಹುಡುಗಿ ಬೇಡವೆಂದ ‘ದಾದಿ’. ತತ್ಸಮ–ತದ್ಭವಗಳ ಪಟ್ಟಿಯಲ್ಲಿ ‘ಧಾತ್ರಿ–ದಾದಿ’ ಎಂಬ ಜೋಡಿಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸಂಸ್ಕೃತದ ‘ಧೇ’ ಎಂಬ ಧಾತುವಿಗೆ ಹೀರು, ಕುಡಿ ಎಂಬ ಅರ್ಥ. ಹಾಲು ಕೊಡುವ ಹಸು ಧೇನು, ಹಾಲೂಡಿಸುವವಳು ಧಾತ್ರಿ. ಭೂಮಿಗೂ ಧಾತ್ರಿ ಎಂಬ ಹೆಸರಿದೆ, ನೆಲ್ಲಿಗೂ ಇದೆ. ಹಿಂದಿಯ ‘ದಾಯಿ’ ಈ ಬಳಗಕ್ಕೇ ಸೇರಿದ್ದು; ಪಾರಸಿಯ ‘ದಾಯಾ’ ಅದರ ದೂರದ ನೆಂಟ. ಅಜ್ಜಿಯನ್ನು ಸೂಚಿಸುವ ಹಿಂದಿಯ ‘ದಾದಿ’ ಮಾತ್ರ ಬೇರೆ. ಅದು ದಾದಾ ಎಂಬ ನೆಂಟಸ್ತಿಕೆಯ ಪದದ ಸ್ತ್ರೀರೂಪ. ಎಂದರೆ, ಮರ್ಯಾದೆಯದೆಂದು ನಾವು ತಿಳಿದ ‘ನರ್ಸ್’ ಮತ್ತು ಹಳೆಯದೆಂದು ಬಿಟ್ಟ ‘ದಾದಿ’ ಎರಡೂ ಬೇರಿನಲ್ಲಿ ಒಂದೇ ಅರ್ಥದವು. ಎರಡರಲ್ಲೂ ಇರುವುದು ಹಾಲು.

ಹಾಲಿಗೆ ನಮ್ಮ ಪರಂಪರೆ ಎಷ್ಟು ಬೆಲೆ ಕೊಟ್ಟಿತೆಂಬುದಕ್ಕೆ ಪೂತನಿಯ ಕಥೆ ಸಾಕು. ವಿಷ ಲೇಪಿಸಿದ ಮೊಲೆಯನ್ನು ಕೃಷ್ಣನಿಗೆ ಊಡಿಸಿ ಕೊಲ್ಲಲು ಬಂದವಳು ಅವಳು. ಆದರೂ ಅವಳಿಗೆ ಧಾತ್ರಿಗೆ ಸಲ್ಲತಕ್ಕ ಸದ್ಗತಿ ದೊರೆಯಿತೆಂದು ಭಾಗವತದ ತೃತೀಯ ಸ್ಕಂಧದಲ್ಲಿ ಉದ್ಧವ ಹೇಳುತ್ತಾನೆ. ಆದರೆ ಈ ಗೌರವದ ಇನ್ನೊಂದು ಮಗ್ಗುಲನ್ನು ನಾವು ನೋಡುವುದು ಕಡಿಮೆ. ಬೇರೆಯವರ ಮಗುವಿಗೆ ಹಾಲೂಡಿಸಬೇಕಾದರೆ ಅವಳಿಗೂ ಒಂದು ಮಗು ಹುಟ್ಟಿರಬೇಕಲ್ಲವೇ? ಆ ಮಗುವಿನ ಪಾಲು ಏನಾಯಿತು? ಮೇವಾಡದ ಪನ್ನಾ ದಾಯಿ 16ನೆಯ ಶತಮಾನದಲ್ಲಿ ರಾಜಕುಮಾರ ಉದಯಸಿಂಹನನ್ನು ಉಳಿಸಲು ತನ್ನ ಸ್ವಂತ ಮಗನನ್ನು ಕೊಲೆಗಾರನ ಕತ್ತಿಗೆ ಒಪ್ಪಿಸಿದಳೆಂದು ರಾಜಸ್ಥಾನ ಇಂದಿಗೂ ನೆನೆಯುತ್ತದೆ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಜೂಲಿಯೆಟ್‌ಳ ನರ್ಸ್ ತೀರಿಹೋದ ತನ್ನ ಮಗಳು ಸೂಸನ್‌ಳನ್ನು ಮಾತಿನ ನಡುವೆ ನೆನೆದು ಮುಂದೆ ಸಾಗುತ್ತಾಳೆ. ನಾಟಕದಲ್ಲಿ ಆಕೆಗೆ ‘ನರ್ಸ್’ ಎಂಬುದೇ ಹೆಸರು.

ಹಾಲಿನಿಂದ ಆಸ್ಪತ್ರೆಗೆ ಬಂದ ಈ ಪದ ಇಂಗ್ಲೆಂಡಿನಲ್ಲಿ ಬಹುಕಾಲ ಗೌರವದ್ದಾಗಿರಲಿಲ್ಲ. ಚಾರ್ಲ್ಸ್ ಡಿಕನ್ಸ್ 1843–44ರಲ್ಲಿ ಕಂತುಗಳಾಗಿ ಪ್ರಕಟಿಸಿದ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಎಂಬ ನರ್ಸ್ ಬರುತ್ತಾಳೆ. ಕುಡುಕಿ, ಬೇಜವಾಬ್ದಾರಿ. ಓದುಗರು ನಕ್ಕರು; ಅಂಥವರನ್ನು ಅವರು ಕಂಡಿದ್ದರು. ಅದಾದ ಹತ್ತು ವರ್ಷಕ್ಕೆ, 1854ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೊರಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ತರಬೇತಿ ಶಾಲೆ ಆರಂಭವಾಯಿತು. 1859ರಲ್ಲಿ ಬಂದ ತನ್ನ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದ ಮೊದಲಿಗೇ ಅವಳು ಪದದ ಬಗ್ಗೆಯೇ ತಕರಾರು ಎತ್ತುತ್ತಾಳೆ. ಇದಕ್ಕಿಂತ ಒಳ್ಳೆಯ ಪದ ಸಿಗದ್ದರಿಂದ ಇದನ್ನು ಬಳಸುತ್ತಿದ್ದೇನೆ, ಜನ ಇದನ್ನು ಔಷಧ ಕೊಡುವುದು, ಪಟ್ಟು ಹಾಕುವುದು ಇಷ್ಟಕ್ಕೇ ಇಳಿಸಿದ್ದಾರೆ ಎಂಬುದು ಅವಳ ಮಾತಿನ ಸಾರ. ಶುದ್ಧ ಗಾಳಿ, ಬೆಳಕು, ಸ್ವಚ್ಛತೆ, ನಿಶ್ಶಬ್ದ, ತಕ್ಕ ಆಹಾರ ಇವುಗಳ ಸರಿಯಾದ ಬಳಕೆಯೇ ನರ್ಸಿಂಗ್ ಎಂದಳು. ರೋಗಿಯನ್ನು ಸೂಕ್ಷ್ಮವಾಗಿ ಗಮನಿಸುವುದು ಹೇಗೆ ಎಂಬುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಳು. ಹಾಲಿನ ಪದವನ್ನು ಕಣ್ಣಿನ ಪದವನ್ನಾಗಿ ಮಾಡಲು ಅವಳು ಹೆಣಗಿದಳೆಂದು ನಾನು ತಿಳಿಯುತ್ತೇನೆ.

‘ಸಿಸ್ಟರ್’ ಬಂದ ದಾರಿ ಬೇರೆ. ಯುರೋಪಿನಲ್ಲಿ ಶತಮಾನಗಳ ಕಾಲ ರೋಗಿಗಳ ಸೇವೆ ಮಾಡಿದವರು ಕ್ರೈಸ್ತ ಸನ್ಯಾಸಿನಿಯರು. ಅವರು ಪರಸ್ಪರ ಸಹೋದರಿಯರು, ರೋಗಿಗೂ ಸಹೋದರಿಯರೇ. ಮಠದ ಹೆಸರು ಆಸ್ಪತ್ರೆಗೆ ಬಂತು, ಸನ್ಯಾಸಿನಿಯರಲ್ಲದವರಿಗೂ ಅಂಟಿಕೊಂಡಿತು. ಪುರುಷ ನರ್ಸ್‌ಗಳನ್ನು ನಮ್ಮ ರೋಗಿಗಳು ‘ಬ್ರದರ್’ ಎಂದು ಕರೆಯತೊಡಗಿದ್ದು ಅದರ ಮುಂದುವರಿಕೆ. ನಮ್ಮ ಕಡೆಯವರಿಗೆ ಇದು ಹೊಸ ರೀತಿಯೇನಲ್ಲ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ನಾವು ‘ಅಕ್ಕೋರು’ ಎನ್ನುತ್ತೇವಲ್ಲ, ಅದೂ ಅಕ್ಕನೇ. ಅಕ್ಕ ಎಂದು ಕರೆಸಿಕೊಂಡು ಸುಮಾರು ಮೂರು ದಶಕ ಕೆಲಸ ಮಾಡಿದವಳಾಗಿ ಆ ಸಂಬೋಧನೆಯ ಸವಿ ನನಗೆ ಗೊತ್ತು. ಅಕ್ಕನ ಹತ್ತಿರ ಯಾರೂ ಹೊತ್ತುಗೊತ್ತು ನೋಡುವುದಿಲ್ಲ ಎಂಬುದೂ ಗೊತ್ತು.

ಈಗ ನಮ್ಮ ಭಾಷೆಯೊಳಗಿನ ಎರಡು ಪದಗಳಿಗೆ ಬರುತ್ತೇನೆ. ಈ ಲೇಖನಕ್ಕೆ ನಾನು ತೊಡಗಿದ್ದೇ ಇವುಗಳಿಗಾಗಿ.

ಮೊದಲನೆಯದು ‘ಶುಶ್ರೂಷೆ’. ಸಂಸ್ಕೃತದ ‘ಶ್ರು’ ಧಾತುವಿಗೆ ಕೇಳು ಎಂಬ ಅರ್ಥ. ಶ್ರವಣ, ಶ್ರುತಿ, ಶ್ರೋತೃ ಎಲ್ಲ ಅದರಿಂದಲೇ ಬಂದವು. ಅದೇ ಧಾತುವಿನ ಇಚ್ಛಾರ್ಥಕ ರೂಪ ಶುಶ್ರೂಷಾ, ಎಂದರೆ ಕೇಳಬೇಕೆಂಬ ಬಯಕೆ. ಮೊದಲು ಅದು ಶಿಷ್ಯನ ಗುಣವಾಗಿತ್ತು. ಗುರುವಿನ ಮಾತನ್ನು ಕಿವಿಗೊಟ್ಟು ಕೇಳುವುದು, ಅದರಂತೆ ನಡೆಯುವುದು, ಸೇವೆ ಮಾಡುವುದು. ಗುರುಶುಶ್ರೂಷೆ ಎಂಬ ಮಾತು ಇಂದಿಗೂ ಉಳಿದಿದೆ. ಆ ಪದವೇ ರೋಗಿಯ ಹಾಸಿಗೆಯ ಬಳಿಗೆ ಬಂತು. ನೋವಿನವನು ಹೇಳುವುದನ್ನು, ಕೆಲವೊಮ್ಮೆ ಹೇಳಲಾಗದೆ ನರಳುವುದನ್ನು, ಕೇಳಿಸಿಕೊಳ್ಳುವ ಮನಸ್ಸಿಗೆ ಶುಶ್ರೂಷೆ ಎಂಬ ಹೆಸರಾಯಿತು.

ಎರಡನೆಯದು ಅಚ್ಚಗನ್ನಡದ ‘ಆರೈಕೆ’. ಹಳಗನ್ನಡದ ‘ಆರಯ್’ ಎಂಬ ಕ್ರಿಯಾಪದಕ್ಕೆ ಹುಡುಕು, ಪರೀಕ್ಷಿಸು, ವಿಚಾರಿಸಿ ನೋಡು ಎಂಬ ಅರ್ಥಗಳಿವೆ. ನೋಡಿಕೊಳ್ಳು, ಸಲಹು ಎಂಬ ಅರ್ಥವೂ ಇದೆ. ತಮಿಳಿನಲ್ಲಿ ಇದರ ಒಡಹುಟ್ಟಾದ ‘ಆರಾಯ್’ ಎಂಬುದರಿಂದ ಬಂದ ‘ಆರಾಯ್ಚಿ’ ಎಂಬ ಪದಕ್ಕೆ ಸಂಶೋಧನೆ ಎಂದರ್ಥ. ವಿಶ್ವವಿದ್ಯಾಲಯದ ಸಂಶೋಧನೆಯೂ ಬಾಣಂತಿಯ ಆರೈಕೆಯೂ ಮೂಲದಲ್ಲಿ ಒಂದೇ ಎಂದರೆ ಎಷ್ಟು ಮಂದಿ ನಂಬುತ್ತಾರೋ ಕಾಣೆ. ಆದರೆ ಯೋಚಿಸಿದರೆ ಸರಿಯೆನಿಸುತ್ತದೆ. ಜ್ವರ ಏರಿತೇ, ಇಳಿಯಿತೇ, ಮಗುವಿನ ಮೈ ಬಣ್ಣ ನಿನ್ನೆಯಂತಿದೆಯೇ ಎಂದು ಬಿಡದೆ ಗಮನಿಸುವುದು ಪರೀಕ್ಷೆಯಲ್ಲದೆ ಮತ್ತೇನು?

ಆಯುರ್ವೇದದ ಪ್ರಾಚೀನರು ಇದನ್ನು ಸ್ಪಷ್ಟವಾಗಿಯೇ ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣಗಳು ಬೇಕು. ಉಪಚಾರದ ಜ್ಞಾನ, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶುಚಿತ್ವ. ಕ್ರಮವನ್ನು ಗಮನಿಸಿರಿ. ತಿಳಿವಳಿಕೆ ಮೊದಲು, ಕೈಚಳಕ ಆಮೇಲೆ, ಪ್ರೀತಿ ಮೂರನೆಯದು. ಪ್ರೀತಿ ಬೇಡವೆಂದಲ್ಲ, ಪ್ರೀತಿಯೊಂದೇ ಸಾಲದು ಎಂದು.

ಇಷ್ಟಾದರೂ ಆ ಜ್ಞಾನವನ್ನು ನಿಜವಾಗಿ ಹೊತ್ತವರಿಗೆ ನಾವು ಯಾವ ಸ್ಥಾನ ಕೊಟ್ಟೆವು? ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಮರಾಠಿಯಲ್ಲಿ ಅವಳು ‘ಸುಯಿಣ’, ಕೊಂಕಣಿಯಲ್ಲಿ ‘ವೈಜೀಣ’. ವೈಜೀಣ ಎಂಬಲ್ಲಿ ವೈದ್ಯಳೇ ಅಡಗಿದ್ದಾಳೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ನಡುರಾತ್ರಿ ಸೂಡಿ ಹಿಡಿದು ಕರೆಯಲು ಬಂದವರ ಹಿಂದೆ ಗದ್ದೆಯ ಹಾಳಿಯ ಮೇಲೆ ನಡೆದು ಹೋಗಿ, ತಾಯಿ–ಮಗುವನ್ನು ಬೇರ್ಪಡಿಸಿ, ಹೊಕ್ಕುಳಬಳ್ಳಿ ಕತ್ತರಿಸಿ, ಹಲವು ದಿನ ಬಂದು ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ ಹೋಗುತ್ತಿದ್ದವಳಿಗೆ ಸಲ್ಲುತ್ತಿದ್ದುದು ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಉಳ್ಳವರಾದರೆ ಒಂದು ಸೀರೆ. ಮಗು ಹುಟ್ಟುವವರೆಗೆ ಅವಳೇ ದೇವರು. ಆಮೇಲೆ ಎಷ್ಟೋ ಮನೆಗಳಲ್ಲಿ ಅವಳು ಮೈಲಿಗೆಯವಳು, ಅಂಗಳದವಳು.

ಬ್ರಿಟಿಷರ ಕಾಲದಲ್ಲಿ 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿಯೊಂದು ಸ್ಥಾಪನೆಯಾಯಿತು. ಭಾರತೀಯ ಸ್ತ್ರೀಯರಿಗೆ ಸ್ತ್ರೀಯರಿಂದಲೇ ಚಿಕಿತ್ಸೆ ದೊರಕಿಸುವುದು ಅದರ ಉದ್ದೇಶ. 1903ರಲ್ಲಿ ಲೇಡಿ ಕರ್ಜನ್ ಆರಂಭಿಸಿದ ವಿಕ್ಟೋರಿಯಾ ಸ್ಮಾರಕ ನಿಧಿ ದಾಯಿಗಳಿಗೆ ತರಬೇತಿ ಕೊಡಲು ಹೊರಟಿತು. ಸ್ವಚ್ಛತೆಯ ಪಾಠ ಅಗತ್ಯವಾಗಿತ್ತು, ಅದರಲ್ಲಿ ಸಂಶಯವಿಲ್ಲ. ನಂಜಾಗಿ ಸತ್ತ ಬಾಣಂತಿಯರ, ಧನುರ್ವಾಯುವಿನಿಂದ ಹೋದ ಕೂಸುಗಳ ಕಥೆ ಯಾವ ಹಳೆಯ ಮನೆತನದಲ್ಲಿಲ್ಲ? ಆದರೆ ಕಲಿಸಲು ಬಂದವರ ಬರೆಹಗಳಲ್ಲಿ ‘ದಾಯಿ’ ಎಂಬ ಪದ ಕೊಳಕು, ಅಜ್ಞಾನಗಳಿಗೆ ಪರ್ಯಾಯವಾಗಿಬಿಟ್ಟಿತು. ಅತ್ತ ತರಬೇತಿ ಪಡೆದ ನರ್ಸ್‌ಗಳಾದರೂ ಎಷ್ಟಿದ್ದರು? 1946ರ ಭೋರ್ ಸಮಿತಿಯ ವರದಿಯಂತೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000; 43,000 ಜನರಿಗೆ ಒಬ್ಬಳು. ಸ್ವಾತಂತ್ರ್ಯಾನಂತರ ಹಳ್ಳಿಗಳಿಗೆ ಬಂದ ನರ್ಸಬಾಯಿ ಈ ಕಂದರದ ಮೇಲೆ ಹಾಕಿದ ಸಂಕ. ಬಸ್ಸಿಲ್ಲದ ಊರುಗಳಿಗೆ ಚೀಲ ಹೆಗಲಿಗೇರಿಸಿ, ಮಳೆಗಾಲದಲ್ಲಿ ಹಳ್ಳ ದಾಟಿ ಬಂದವಳು ಅವಳು. ನಮ್ಮ ತಲೆಮಾರಿನವರ ತೋಳಿನ ಮೇಲಿರುವ ದೇವಿಯ ಚುಚ್ಚುಮದ್ದಿನ ಕಲೆ ಅಂಥವರ ಸಹಿ. ಸೂಲಗಿತ್ತಿಯ ವಿದ್ಯೆಗೆ ಸರಕಾರದ ಮನ್ನಣೆ ದೊರೆತದ್ದು ಬಹಳ ತಡವಾಗಿ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ನರ್ಸ್ ಪದದ ಒಂದು ಕವಲು ತೋಟಕ್ಕೂ ಹೋಗಿದೆ. ‘ನರ್ಸರಿ’ ಎಂದರೆ ಮೊದಲು ಮಕ್ಕಳ ಕೋಣೆ. 16ನೆಯ ಶತಮಾನದಿಂದ ಸಸಿಗಳನ್ನು ಬೆಳೆಸುವ ಜಾಗಕ್ಕೂ ಆ ಹೆಸರು. ಎಳೆಯ ಗಿಡಕ್ಕೆ ನೆರಳಾಗಿ ನಿಲ್ಲುವ ಮರವನ್ನು ಅರಣ್ಯಶಾಸ್ತ್ರದವರು ನರ್ಸ್ ಮರ ಎನ್ನುತ್ತಾರೆ. ಅಡಕೆ ಸಸಿಯ ಪಕ್ಕದಲ್ಲಿ ಬಾಳೆ ನೆಡುವ ನಮ್ಮ ಜಿಲ್ಲೆಯ ತೋಟಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಈ ಅರ್ಥದಲ್ಲಿ ನಮ್ಮ ನಾಡಿನ ದೊಡ್ಡ ನರ್ಸ್. ಹಾಲಕ್ಕಿ ಒಕ್ಕಲಿಗರ ಬಡ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯೊಂದಿಗೆ ನರ್ಸರಿಯ ಕೂಲಿಗೆ ಹೋದವರು. ಅರಣ್ಯ ಇಲಾಖೆಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿದ್ದು ಆಮೇಲೆ ಕಾಯಂ ಆದರು. ಶಾಲೆಯ ಮೆಟ್ಟಿಲು ಹತ್ತದಿದ್ದರೂ, ಕಾಡಿನಲ್ಲಿ ಒಂದು ಜಾತಿಯ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆರಿಸಬೇಕು, ಅದನ್ನು ಹೇಗೆ ಮೊಳೆಸಬೇಕು ಎಂಬುದನ್ನು ಅಧಿಕಾರಿಗಳೂ ಅವರನ್ನು ಕೇಳಿ ತಿಳಿಯುತ್ತಿದ್ದರು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ದೇಶವೇ ಕಂಡಿತು. 2024ರ ಡಿಸೆಂಬರ್ 16ರಂದು ಅವರು ನಿಧನರಾದರು. ಪತ್ರಿಕೆಗಳು ಅವರನ್ನು ‘ವೃಕ್ಷಮಾತೆ’ ಎಂದವು. ಚೆಂದದ ಬಿರುದು. ಆದರೆ ಅವರು ಮಾಡಿದ್ದು ಆರೈಕೆ, ಹಳಗನ್ನಡದ ಪೂರ್ಣಾರ್ಥದಲ್ಲಿ. ಹುಡುಕಿ, ಪರೀಕ್ಷಿಸಿ, ಸಲಹುವುದು. ಅಮ್ಮ ಎಂದು ಕರೆದು ಕೈ ಮುಗಿದಾಗ ಅವರ ಶಾಸ್ತ್ರಜ್ಞಾನದ ಮಾತು ಹಿಂದಕ್ಕೆ ಸರಿಯುತ್ತದೆ. ಅಷ್ಟು ವರ್ಷದ ದಿನಗೂಲಿಯ ಮಾತಂತೂ ಬರುವುದೇ ಇಲ್ಲ.

ನಮ್ಮ ಜಿಲ್ಲೆಯ ಇನ್ನೊಬ್ಬ ಮಗಳನ್ನು ನೆನೆಯದೆ ಈ ವಿಷಯ ಪೂರ್ಣವಾಗದು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಕೆಲಸದ ಜಾಗದಲ್ಲೇ ಅವರ ಮೇಲೆ ನಡೆದ ಅಮಾನುಷ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ, ಮತ್ತೆಂದೂ ಅವರು ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಒಂದು ತಂಡ ನಿವೃತ್ತವಾದರೆ ಇನ್ನೊಂದು ತಂಡ. ಅರುಣಾ ನಡೆದಾಡಿದ್ದನ್ನು ಕಾಣದ ಹೊಸಬರೂ ಅವರಿಗೆ ತುತ್ತು ಉಣಿಸಿದರು, ಮೈ ಒರೆಸಿದರು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲವೆಂಬುದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ದಾಖಲಾಗಿದೆ. ಇದು ಬರಿಯ ಮಮತೆಯಿಂದ ಆಗುವ ಕೆಲಸವಲ್ಲ. ಮಗ್ಗುಲು ಬದಲಿಸುವ ವಿದ್ಯೆ ಬೇಕು, ಹಗಲಿರುಳು ತಪ್ಪದ ಶಿಸ್ತು ಬೇಕು. ಅರುಣಾರಿಗೆ ದಯಾಮರಣ ಕೊಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ನ್ಯಾಯಾಲಯ 2011ರ ಮಾರ್ಚ್ 7ರಂದು ನಿರಾಕರಿಸಿತು. ಮಾತಾಡಲಾಗದವರ ಪರವಾಗಿ ಮಾತಾಡುವ ವ್ಯಕ್ತಿಗೆ ಕಾನೂನಿನ ಭಾಷೆಯಲ್ಲಿ ‘ನೆಕ್ಸ್ಟ್ ಫ್ರೆಂಡ್’ ಎಂಬ ಹೆಸರಿದೆ. ಆ ಸ್ಥಾನ ಅರ್ಜಿದಾರರದ್ದಲ್ಲ, ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ದಯಾಮರಣದ ಬಗ್ಗೆ ಅಭಿಪ್ರಾಯಗಳು ಬೇರೆ ಬೇರೆ ಇರಬಹುದು. ಆದರೆ ದೇಶದ ಅತ್ಯುನ್ನತ ನ್ಯಾಯಾಲಯ ಅಂದು ನರ್ಸ್ ಎಂಬ ಪದಕ್ಕೆ ಹೊಸದೊಂದು ಅರ್ಥ ಕೊಟ್ಟಿತು. ತಾಯಿಯೂ ಅಲ್ಲ, ಅಕ್ಕನೂ ಅಲ್ಲ. ದನಿಯಿಲ್ಲದವರ ಪರವಾಗಿ ಮಾತಾಡಲು ಹಕ್ಕುಳ್ಳ ಸ್ನೇಹಿತೆ.

ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ‘ಶುಶ್ರೂಷಾಧಿಕಾರಿ’ ಎಂಬ ಪದನಾಮ ಬಂದಿದೆ. ಅಧಿಕಾರಕ್ಕೂ ಕಿವಿಗೂ ಸಂಬಂಧ ಕಲ್ಪಿಸುವ ಈ ಸಮಾಸ ಮೊದಲು ನನಗೆ ವಿಚಿತ್ರವಾಗಿ ಕಂಡಿತು. ಈಗ ಹಾಗೆ ಅನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನೈಟಿಂಗೇಲಳ ಇನ್ನೂರನೆಯ ಜನ್ಮವರ್ಷವೆಂದು 2020ನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಆ ವರ್ಷವೇ ಕೊರೋನಾ ಬಂತು. ನಾವು ಬಾಲ್ಕನಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ದೇವತೆ, ತಾಯಿ, ತ್ಯಾಗಮಯಿ ಎಂದೆವು. ತಾಯಿಗೆ ಸಂಬಳ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ತಾಯಿ ದಣಿಯುವುದಿಲ್ಲ, ರಜೆ ಕೇಳುವುದಿಲ್ಲ. ಹಾಲಿನಿಂದ ಹುಟ್ಟಿದ ಪದಗಳಿಗಿರುವ ಅಪಾಯ ಇದೇ. ಅವು ಪೂಜಿಸುತ್ತಲೇ ಕೆಲಸವನ್ನು ಮರೆಸುತ್ತವೆ. ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಸಲಹು ಎಂಬ ಅರ್ಥವೂ ಇದೆ, ಇಷ್ಟೇ ಇರಲಿ ಎಂಬ ಅರ್ಥವೂ ಇದೆ. ಸಾಕುವವಳು ಎಂದಾದರೂ ‘ಸಾಕು’ ಎಂದರೆ ಅದನ್ನೂ ಕೇಳಿಸಿಕೊಳ್ಳುವುದು ಸಮಾಜ ಸಲ್ಲಿಸಬೇಕಾದ ಶುಶ್ರೂಷೆ.

ಓದುಗ ಮಿತ್ರರಲ್ಲಿ ಒಂದು ಕೋರಿಕೆ. ಜನನ ನೋಂದಣಿಯ ನಮೂನೆಯಲ್ಲಿ ಹೆರಿಗೆ ಯಾರಿಂದ ಆಯಿತು ಎಂಬ ಕಾಲಂ ಇದೆ. ಅಲ್ಲಿ ಡಾಕ್ಟರು, ನರ್ಸು, ಸಾಂಪ್ರದಾಯಿಕ ಸೂಲಗಿತ್ತಿ ಎಂಬ ವರ್ಗಗಳಿವೆ, ಹೆಸರಿಗೆ ಜಾಗವಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇಂದೇ ಕೇಳಿ. ನಿಮ್ಮ ತಂದೆತಾಯಿಯರನ್ನು ಈ ಲೋಕದಲ್ಲಿ ಮೊದಲು ಕೈಯಲ್ಲಿ ಹಿಡಿದವಳ ಹೆಸರೇನು, ಅವಳ ಮನೆ ಯಾವ ಕೇರಿಯಲ್ಲಿತ್ತು? ಉತ್ತರ ಸಿಕ್ಕರೆ ಮನೆಯ ಯಾವುದಾದರೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.